ಉಸಿರು ಕಟ್ಟುತ್ತಿದೆ ಎಂದು ದೇಹಕ್ಕೆ ಹೇಗೆ ಗೊತ್ತಾಗುತ್ತದೆ? ಕೆಲವೊಮ್ಮೆ ಯಾಕೆ ಗೊತ್ತಾಗುವುದೇ ಇಲ್ಲ?

ಚಳಿಗಾಲ ಬಂತೆಂದರೆ ಬೆಂಗಳೂರಿನ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಕಾಣಿಸುತ್ತದೆ. ಬಾಡಿಗೆ ಮನೆ, ಚಿಕ್ಕ ಬಾತ್‌ರೂಮು, ಗೋಡೆಗೆ ಹಾಕಿದ ಗ್ಯಾಸ್ ಗೀಸರ್. ಸ್ನಾನಕ್ಕೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಾಗಿಲು ಒಡೆದು ನೋಡಿದರೆ ನೆಲದ ಮೇಲೆ ಬಿದ್ದಿದ್ದಾರೆ. ಪ್ರಾಣ ಹೋಗಿದೆ.

ಓದಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ಉಸಿರು ಕಟ್ಟಿದ್ದರೆ ಅವರಿಗೆ ಗೊತ್ತಾಗಬೇಕಿತ್ತು ಅಲ್ವಾ? ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಚಿಲಕ ತೆಗೆದು ಆಚೆ ಬರಬಹುದಿತ್ತು. ಒಂದು ಸಲ ಕೂಗಬಹುದಿತ್ತು. ಯಾಕೆ ಕೂಗಲಿಲ್ಲ?

ಉಸಿರು ಕಟ್ಟುತ್ತಿದೆ ಎಂದು ಅವರಿಗೆ ಅನ್ನಿಸಿಯೇ ಇರುವುದಿಲ್ಲ, ಅದಕ್ಕೆ. ಇದು ನಂಬಲು ಕಷ್ಟ. ಆದರೆ ನಮ್ಮ ದೇಹ ಯಾವುದನ್ನು ಅಳೆಯುತ್ತದೆ, ಯಾವುದನ್ನು ಅಳೆಯುವುದೇ ಇಲ್ಲ ಎಂದು ಒಮ್ಮೆ ತಿಳಿದರೆ ಕಾರಣ ಅರ್ಥವಾಗುತ್ತದೆ.

ದೇಹ ಅಳೆಯುವುದು ಏನನ್ನು?

ನಮ್ಮ ದೇಹದಲ್ಲಿ ಕೆಲವು ಕೋಶಗಳಿಗೆ ಒಂದು ವಿಶೇಷ ಕೆಲಸ ಇದೆ. ತಮ್ಮನ್ನು ಮುಟ್ಟುವ ರಕ್ತದಲ್ಲೋ ದ್ರವದಲ್ಲೋ ಗಾಳಿಯಲ್ಲೋ ಒಂದು ನಿರ್ದಿಷ್ಟ ರಾಸಾಯನಿಕ ಹೆಚ್ಚಾಯಿತಾ, ಕಡಿಮೆಯಾಯಿತಾ ಎಂದು ಅವು ಸದಾ ನೋಡುತ್ತಿರುತ್ತವೆ. ಬದಲಾವಣೆ ಕಂಡ ಕೂಡಲೇ ನರದ ಮೂಲಕ ಮೆದುಳಿಗೆ ತಿಳಿಸುತ್ತವೆ. ಇವೇ ಕೀಮೋರಿಸೆಪ್ಟರ್ ಕೋಶಗಳು. ಮೂಗಿನಲ್ಲಿ ವಾಸನೆ ಹಿಡಿಯುವ ಕೋಶ, ನಾಲಿಗೆಯಲ್ಲಿ ರುಚಿ ಹಿಡಿಯುವ ಕೋಶ ಕೂಡ ಇದೇ ಗುಂಪಿನವು. ಅವು ಮಾಡುವ ಕೆಲಸ ನಮ್ಮ ಅರಿವಿಗೆ ಬರುತ್ತದೆ. ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಬಿದ್ದರೆ ಹಜಾರದಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಆದರೆ ರಕ್ತವನ್ನು ನೋಡಿಕೊಳ್ಳುವ ಕೋಶಗಳ ಕೆಲಸ ಹಾಗಲ್ಲ. ನಾವು ಮಲಗಿದ್ದರೂ ಅವು ಎದ್ದಿರುತ್ತವೆ, ನಮಗೆ ಸುಳಿವೇ ಸಿಗುವುದಿಲ್ಲ.

ಉಸಿರಾಟದ ವಿಷಯದಲ್ಲಿ ಈ ಕೋಶಗಳು ನೋಡುವುದು ಮೂರನ್ನು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ, ರಕ್ತ ಎಷ್ಟು ಹುಳಿಯಾಗಿದೆ. ಹುಳಿ ಅಂದರೆ ಆಮ್ಲೀಯತೆ, ಪ್ರಯೋಗಾಲಯದ ವರದಿಯಲ್ಲಿ ಪಿಎಚ್ ಎಂದು ಬರೆಯುವುದು ಇದನ್ನೇ. ಈ ಅಳತೆಯಲ್ಲಿ 7 ಎಂದರೆ ಶುದ್ಧ ನೀರು. ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ನಮ್ಮ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರಬೇಕು. ಎಷ್ಟು ಸಣ್ಣ ಅಂತರ ನೋಡಿ. ದೇಹದ ಕಿಣ್ವಗಳು ಸರಿಯಾಗಿ ಕೆಲಸ ಮಾಡಬೇಕಾದರೆ ಇಷ್ಟು ಬಿಗಿ ಬೇಕೇ ಬೇಕು. 6.8ಕ್ಕೆ ಇಳಿದರೆ ಜೀವ ಉಳಿಯುವುದೇ ಕಷ್ಟ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ‘ಈ ಕೋಣೆಯ ಗಾಳಿ ಉಸಿರಾಡಲು ಯೋಗ್ಯವೇ’ ಎಂದು ನೇರವಾಗಿ ನೋಡಿ ಹೇಳುವ ಅಂಗ ನಮ್ಮಲ್ಲಿ ಇಲ್ಲ. ರಕ್ತದಲ್ಲಿ ಈ ಮೂರು ಅಳತೆ ಏರುಪೇರಾದರೆ ಮಾತ್ರ ದೇಹಕ್ಕೆ ಗಾಬರಿಯಾಗುತ್ತದೆ. ಈ ಮೂರನ್ನೂ ಮುಟ್ಟದೆ ಒಳಗೆ ನುಗ್ಗುವ ವಿಷ ಇದ್ದರೆ ದೇಹ ಸುಮ್ಮನಿರುತ್ತದೆ.

ಉಸಿರು ಹಿಡಿದು ನೋಡಿ

ಆರೋಗ್ಯವಾಗಿದ್ದರೆ, ಕುರ್ಚಿಯಲ್ಲಿ ಕೂತು ಒಮ್ಮೆ ಉಸಿರು ಹಿಡಿಯಿರಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಡ್ರಾಯರಿನಲ್ಲಿ ಇದ್ದರೆ ಬೆರಳಿಗೆ ಹಾಕಿಕೊಳ್ಳಿ. ಮೊದಲ ಹತ್ತು ಹದಿನೈದು ಸೆಕೆಂಡು ಏನೂ ಅನ್ನಿಸುವುದಿಲ್ಲ. ಆಮೇಲೆ ಎದೆಯಲ್ಲಿ ಒತ್ತಡ ಶುರುವಾಗುತ್ತದೆ. ಗಂಟಲು ನುಂಗಬೇಕು ಅನ್ನಿಸುತ್ತದೆ. ಹೊಟ್ಟೆಯ ಮೇಲ್ಭಾಗ ತಾನಾಗಿ ಎಳೆಯತೊಡಗುತ್ತದೆ. ಇನ್ನು ಆಗುವುದೇ ಇಲ್ಲ ಅನ್ನಿಸಿ ಉಸಿರು ಬಿಡುತ್ತೀರಿ. ಆ ಹೊತ್ತಿಗೆ ಆಕ್ಸಿಮೀಟರ್ ನೋಡಿದರೆ ಆಮ್ಲಜನಕ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇರುತ್ತದೆ!

ಹಾಗಾದರೆ ಆ ಸಂಕಟ ಎಲ್ಲಿಂದ ಬಂತು? ಇಂಗಾಲದ ಡೈಆಕ್ಸೈಡ್‌ನಿಂದ. ನಾವು ಒಳಗೆ ಎಳೆಯುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21, ಇಂಗಾಲದ ಡೈಆಕ್ಸೈಡ್ ಬರೀ ಶೇ 0.04. ಹೊರಗೆ ಬಿಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 16, ಇಂಗಾಲದ ಡೈಆಕ್ಸೈಡ್ ಸುಮಾರು ಶೇ 4. ಅಂದರೆ ಪ್ರತಿ ಉಸಿರಿನಲ್ಲೂ ಎಳೆದುಕೊಂಡ ಆಮ್ಲಜನಕದಲ್ಲಿ ಬಹುಪಾಲನ್ನು ಬಳಸದೇ ವಾಪಸ್ ಬಿಡುತ್ತೇವೆ. ಆಮ್ಲಜನಕಕ್ಕೆ ಅಷ್ಟು ಅವಸರ ಇಲ್ಲ. ಅವಸರ ಇರುವುದು ಕೋಶಗಳು ಉರಿಸಿ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕಲು. ಅದು ಒಳಗೇ ಉಳಿದರೆ ರಕ್ತ ಹುಳಿಯಾಗುತ್ತದೆ.

ದಿನನಿತ್ಯದ ಉಸಿರಾಟವನ್ನು ನಡೆಸುವುದು ಇಂಗಾಲದ ಡೈಆಕ್ಸೈಡ್ ಎಂದು 1905ರಲ್ಲೇ ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಅವರ ಜೊತೆಗಾರ ಪ್ರೀಸ್ಟ್ಲಿ ತೋರಿಸಿದರು. ಶ್ವಾಸಕೋಶದಲ್ಲಿ ಅದು ಚೂರು ಏರಿದರೂ ಸಾಕು, ಉಸಿರು ಜೋರಾಗುತ್ತದೆ. ಹಾಲ್ಡೇನ್ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಈಜು ಕಲಿಯುವ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ತಿಳಿದಿರಲೇಬೇಕು. ನೀರೊಳಗೆ ಜಾಸ್ತಿ ಹೊತ್ತು ಇರಬೇಕೆಂದು ಕೆಲವು ಹುಡುಗರು ಮುಳುಗುವ ಮೊದಲು ಬಿರುಸಾಗಿ ಹತ್ತಿಪ್ಪತ್ತು ಉಸಿರು ಎಳೆದು ಬಿಡುತ್ತಾರೆ. ಇದರಿಂದ ಆಮ್ಲಜನಕ ಹೆಚ್ಚು ತುಂಬಿತು ಎಂದು ಅವರ ನಂಬಿಕೆ. ರಕ್ತ ಮೊದಲೇ ಶೇ 97-98 ತುಂಬಿರುತ್ತದೆ, ಇನ್ನು ತುಂಬಲು ಜಾಗವಿಲ್ಲ. ಆಗುವುದೇನೆಂದರೆ ಇಂಗಾಲದ ಡೈಆಕ್ಸೈಡ್ ತೀರಾ ಇಳಿದುಹೋಗುತ್ತದೆ. ನೀರೊಳಗೆ ಆಮ್ಲಜನಕ ಖಾಲಿಯಾಗುತ್ತಾ ಬಂದರೂ, ಮೇಲೆ ಬಾ ಎನ್ನುವ ಸಂಕಟ ಹುಟ್ಟುವುದಿಲ್ಲ. ಹುಡುಗ ಒದ್ದಾಡದೆ, ನೀರಿನಲ್ಲೇ ಪ್ರಜ್ಞೆ ತಪ್ಪುತ್ತಾನೆ. ದಡದಲ್ಲಿ ಇದ್ದವರಿಗೆ ಅವನು ಇನ್ನೂ ಈಜುತ್ತಿದ್ದಾನೆ ಎಂದೇ ಕಾಣುತ್ತದೆ.

ಮೆದುಳಿನ ಬುಡದ ಕೋಶಗಳು

ಇಂಗಾಲದ ಡೈಆಕ್ಸೈಡನ್ನು ನೋಡಿಕೊಳ್ಳುವ ಮುಖ್ಯ ಕೋಶಗಳು ಇರುವುದು ಮೆದುಳಿನ ಬುಡದಲ್ಲಿ, ಬೆನ್ನುಹುರಿ ಶುರುವಾಗುವುದಕ್ಕಿಂತ ಸ್ವಲ್ಪ ಮೇಲೆ. ಆ ಭಾಗಕ್ಕೆ ಮೆಡುಲ್ಲಾ ಎಂದು ಹೆಸರು. ಉಸಿರಾಟದ ಲಯವನ್ನು ಹೊರಡಿಸುವ ನರಕೋಶಗಳೂ ಅಲ್ಲೇ ಹತ್ತಿರದಲ್ಲಿವೆ.

ಈ ಕೋಶಗಳಿಗೆ ರಕ್ತ ನೇರವಾಗಿ ತಾಗುವುದಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ, ರಕ್ತದಲ್ಲಿರುವ ಆಮ್ಲವನ್ನು ಅದು ಸುಲಭವಾಗಿ ಒಳಗೆ ಬಿಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಮಾತ್ರ ಅನಿಲವಾದ್ದರಿಂದ ಸಲೀಸಾಗಿ ದಾಟುತ್ತದೆ. ದಾಟಿದ ಮೇಲೆ ಮೆದುಳನ್ನು ಸುತ್ತುವರಿದ ನೀರಿನಂಥ ದ್ರವದಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಸೋಡಾ ನಾಲಿಗೆಗೆ ಚುರುಕ್ ಅನ್ನುವುದು ಇದೇ ಆಮ್ಲದಿಂದ. ಹುಳಿಯನ್ನು ಹೀರಿಕೊಳ್ಳುವ ಪ್ರೋಟೀನು ರಕ್ತದಲ್ಲಿ ಧಾರಾಳ, ಈ ದ್ರವದಲ್ಲಿ ಬಹಳ ಕಡಿಮೆ. ಹಾಗಾಗಿ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಬಂದರೂ ಪಿಎಚ್ ಥಟ್ಟನೆ ಇಳಿಯುತ್ತದೆ. ಮೆದುಳಿನ ಬುಡದ ಕೋಶಗಳು ಅದನ್ನು ಹಿಡಿದು ‘ಉಸಿರು ಜೋರು ಮಾಡು’ ಎಂದು ಸಂದೇಶ ಕಳಿಸುತ್ತವೆ. ಇಂಗಾಲದ ಡೈಆಕ್ಸೈಡ್ ಏರಿದಾಗ ಉಸಿರು ಜೋರಾಗುವುದರಲ್ಲಿ ಸುಮಾರು ಮುಕ್ಕಾಲು ಪಾಲು ಈ ಕೋಶಗಳದ್ದು.

ಈ ವ್ಯವಸ್ಥೆ ಹುಟ್ಟಿನಿಂದಲೇ ಸರಿಯಿಲ್ಲದ ಮಕ್ಕಳಿದ್ದಾರೆ. ಬಹಳ ಅಪರೂಪದ ಕಾಯಿಲೆ ಇದು, ಹೆಚ್ಚಿನವರಲ್ಲಿ ಫಾಕ್ಸ್2ಬಿ ಎಂಬ ಒಂದು ಜೀನ್‌ನ ದೋಷದಿಂದ ಬರುತ್ತದೆ. ಮಗು ಎದ್ದಿರುವಾಗ ಹೇಗೋ ನಡೆಯುತ್ತದೆ. ನಿದ್ದೆ ಹತ್ತಿದರೆ ಉಸಿರು ಸಾಲುವುದಿಲ್ಲ. ಇಂಗಾಲದ ಡೈಆಕ್ಸೈಡ್ ಏರುತ್ತಲೇ ಹೋದರೂ ಮಗು ಎಚ್ಚರಗೊಳ್ಳುವುದಿಲ್ಲ, ಒದ್ದಾಡುವುದೂ ಇಲ್ಲ. ಇಂಥ ಮಕ್ಕಳಿಗೆ ಜೀವನಪೂರ್ತಿ ರಾತ್ರಿ ಹೊತ್ತು ಯಂತ್ರದ ಉಸಿರು ಬೇಕಾಗುತ್ತದೆ. ಉಸಿರು ಕಟ್ಟುವ ಸಂಕಟ ನಮಗೆ ಕಷ್ಟ ಅನ್ನಿಸಿದರೂ, ನಮ್ಮನ್ನು ಬದುಕಿಸಿರುವುದು ಅದೇ.

ಕುತ್ತಿಗೆಯೊಳಗಿನ ಕ್ಯಾರೊಟಿಡ್ ಬಾಡಿ

ಇನ್ನು ಆಮ್ಲಜನಕ. ಅದನ್ನು ನೋಡಿಕೊಳ್ಳುವ ಮುಖ್ಯ ಜಾಗ ಮೆದುಳಿನಲ್ಲಿಲ್ಲ, ಕುತ್ತಿಗೆಯಲ್ಲಿದೆ.

ದವಡೆಯ ಮೂಲೆಯಿಂದ ಸ್ವಲ್ಪ ಕೆಳಗೆ, ಗಂಟಲ ಗುಬಟೆಯ ಪಕ್ಕದಲ್ಲಿ, ಒಂದು ಕಡೆ ಮಾತ್ರ ಎರಡು ಬೆರಳು ಮೆತ್ತಗೆ ಇಟ್ಟು ನೋಡಿ. ಒತ್ತಬೇಡಿ. ನಾಡಿ ಬಡಿಯುವುದು ಸಿಗುತ್ತದೆ. ಅದು ಹೃದಯದಿಂದ ತಲೆಗೆ ಹೋಗುವ ದೊಡ್ಡ ರಕ್ತನಾಳ, ಕ್ಯಾರೊಟಿಡ್. ಅದು ಅಲ್ಲೇ ಹತ್ತಿರ ಎರಡಾಗಿ ಕವಲೊಡೆಯುತ್ತದೆ, ಒಂದು ಕವಲು ಮೆದುಳಿಗೆ, ಇನ್ನೊಂದು ಮುಖಕ್ಕೆ. ಆ ಕವಲಿನ ಸಂದಿಯಲ್ಲಿ ಅಕ್ಕಿಕಾಳಿನ ಗಾತ್ರದ ಒಂದು ತುಣುಕು ಅಂಟಿಕೊಂಡಿದೆ. ಬಲಕ್ಕೊಂದು, ಎಡಕ್ಕೊಂದು. ಹೆಸರು ಕ್ಯಾರೊಟಿಡ್ ಬಾಡಿ. ಮೆದುಳಿಗೆ ಹೋಗುವ ರಕ್ತವನ್ನು ದಾರಿಯಲ್ಲೇ ಪರೀಕ್ಷಿಸಲು ಇದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ.

ಇಷ್ಟು ಸಣ್ಣ ಅಂಗಕ್ಕೆ ಹರಿಯುವ ರಕ್ತ ಎಷ್ಟು ಗೊತ್ತಾ? ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿದರೆ ಮೆದುಳಿಗೆ ಹರಿಯುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಈ ಒಂದು ಸಂಗತಿಯನ್ನು ನೆನಪಿಡಿ, ಗೀಸರ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಕ್ಯಾರೊಟಿಡ್ ಬಾಡಿ ರಾಸಾಯನಿಕಗಳನ್ನು ಗುರುತಿಸುವ ಅಂಗ ಇರಬೇಕು ಎಂದು ಸೂಕ್ಷ್ಮದರ್ಶಕದಲ್ಲಿ ಅದರ ನರಗಳನ್ನು ನೋಡಿ ಮೊದಲು ಹೇಳಿದವರು ಸ್ಪೇನಿನ ಫೆರ್ನಾಂಡೊ ಡಿ ಕಾಸ್ಟ್ರೊ, 1920ರ ದಶಕದಲ್ಲಿ. ಅದನ್ನು ಪ್ರಯೋಗದಿಂದ ಸಾಧಿಸಿದವರು ಬೆಲ್ಜಿಯಂನ ಕಾರ್ನೆಯ್ ಹೈಮನ್ಸ್. ಅವರಿಗೆ 1938ರ ನೊಬೆಲ್ ಪ್ರಶಸ್ತಿ ಬಂತು. ಡಿ ಕಾಸ್ಟ್ರೊ ಅವರಿಗೆ ಬರಲಿಲ್ಲ. ನನ್ನ ಮಟ್ಟಿಗೆ ಅವರ ಹೆಸರನ್ನು ಮೊದಲು ಹೇಳುವುದೇ ನ್ಯಾಯ.

ಕೋಶದೊಳಗೆ ನಡೆಯುವುದೇನು?

ಕ್ಯಾರೊಟಿಡ್ ಬಾಡಿಯಲ್ಲಿ ಆಮ್ಲಜನಕವನ್ನು ಗುರುತಿಸುವ ಕೋಶಗಳಿಗೆ ಗ್ಲೋಮಸ್ ಕೋಶಗಳು ಎನ್ನುತ್ತಾರೆ. ಆಮ್ಲಜನಕ ಸಾಕಷ್ಟು ಇರುವಾಗ ಇವುಗಳ ಹೊದಿಕೆಯಲ್ಲಿರುವ ಸಣ್ಣ ದಾರಿಗಳು ತೆರೆದಿರುತ್ತವೆ. ಅವುಗಳ ಮೂಲಕ ಪೊಟ್ಯಾಸಿಯಂ ಅಯಾನುಗಳು ಹೊರಗೆ ಸೋರುತ್ತಿರುತ್ತವೆ. ಪೊಟ್ಯಾಸಿಯಂ ಅಯಾನಿಗೆ ಧನ ವಿದ್ಯುದಂಶ ಇದೆ. ಅದು ಹೊರಗೆ ಹೋಗುತ್ತಿರುವುದರಿಂದ ಕೋಶದ ಒಳಭಾಗ ಋಣವಾಗಿ, ಶಾಂತವಾಗಿ ಇರುತ್ತದೆ.

ಆಮ್ಲಜನಕ ಇಳಿದಾಗ ಈ ದಾರಿಗಳು ಮುಚ್ಚಿಕೊಳ್ಳುತ್ತವೆ. ಧನ ಅಯಾನುಗಳು ಹೊರಗೆ ಹೋಗಲಾರದೆ ಒಳಗೇ ಉಳಿದು, ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ. ಆ ಬದಲಾವಣೆಗೆ ಕ್ಯಾಲ್ಸಿಯಂ ದಾರಿಗಳು ತೆರೆದುಕೊಳ್ಳುತ್ತವೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕೋಶದೊಳಗೆ ಪುಟ್ಟ ಪುಟ್ಟ ಚೀಲಗಳಲ್ಲಿ ಎಟಿಪಿ, ಅಸಿಟೈಲ್‌ಕೋಲಿನ್, ಡೋಪಮಿನ್ ಮುಂತಾದ, ನರಕ್ಕೆ ಸಂದೇಶ ಮುಟ್ಟಿಸುವ ವಸ್ತುಗಳು ತುಂಬಿಟ್ಟಿರುತ್ತವೆ. ಕ್ಯಾಲ್ಸಿಯಂ ಬಂದ ಕೂಡಲೇ ಆ ಚೀಲಗಳು ಕೋಶದ ಅಂಚಿಗೆ ಬಂದು ಒಡೆದು, ಒಳಗಿದ್ದದ್ದನ್ನು ಹೊರಕ್ಕೆ ಚೆಲ್ಲುತ್ತವೆ. ಪಕ್ಕದಲ್ಲೇ ನರದ ತುದಿ ಕಾದಿರುತ್ತದೆ. ಅದರಲ್ಲಿ ಮಿಡಿತ ಹುಟ್ಟಿ ಮೆದುಳಿನ ಬುಡಕ್ಕೆ ಓಡುತ್ತದೆ. ಉಸಿರು ಆಳವಾಗುತ್ತದೆ, ಬಿರುಸಾಗುತ್ತದೆ. ರಕ್ತದೊತ್ತಡವೂ ಏರುತ್ತದೆ. ಇಷ್ಟೆಲ್ಲ ಆಗಲು ಕೆಲವೇ ಸೆಕೆಂಡು ಸಾಕು.

ಆಮ್ಲಜನಕ ಇಳಿದದ್ದು ಆ ಪೊಟ್ಯಾಸಿಯಂ ದಾರಿಗೆ ಗೊತ್ತಾಗುವುದು ಹೇಗೆ ಎನ್ನುವುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ನಡೆದಿದೆ. ಕೋಶದೊಳಗೆ ಆಮ್ಲಜನಕವನ್ನು ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳಿಗೆ ಇದರಲ್ಲಿ ದೊಡ್ಡ ಪಾತ್ರ ಇದೆ.

ಇದೇ ಗ್ಲೋಮಸ್ ಕೋಶಗಳು ರಕ್ತದ ಹುಳಿಯನ್ನೂ ಗುರುತಿಸುತ್ತವೆ. ಸಕ್ಕರೆ ಕಾಯಿಲೆ ಇರುವವರು ಇನ್ಸುಲಿನ್ ತಪ್ಪಿಸಿದಾಗ ಕೆಲವೊಮ್ಮೆ ರಕ್ತದಲ್ಲಿ ಕೀಟೋನ್ ಆಮ್ಲಗಳು ತುಂಬಿಕೊಳ್ಳುತ್ತವೆ. ಆಗ ಅವರು ಕೂತಲ್ಲೇ ಆಳವಾಗಿ, ಬಿಡದೆ ಉಸಿರಾಡುತ್ತಾರೆ. ಮನೆಯವರು ಉಬ್ಬಸ ಎಂದುಕೊಳ್ಳುತ್ತಾರೆ. ಶ್ವಾಸಕೋಶಕ್ಕೆ ಏನೂ ಆಗಿರುವುದಿಲ್ಲ. ಇಂಗಾಲದ ಡೈಆಕ್ಸೈಡನ್ನು ಜಾಸ್ತಿ ಹೊರಗೆ ಹಾಕಿ ರಕ್ತದ ಹುಳಿ ಇಳಿಸಲು ದೇಹ ಪಡುವ ಪಾಡು ಅದು. ಇಂಥವರನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

60ರ ಗೆರೆ

ಆಮ್ಲಜನಕದ ವಿಷಯದಲ್ಲಿ ಕ್ಯಾರೊಟಿಡ್ ಬಾಡಿ ಸ್ವಲ್ಪ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ. ರಕ್ತದಲ್ಲಿ ಕರಗಿದ ಆಮ್ಲಜನಕದ ಒತ್ತಡ ಸಮುದ್ರಮಟ್ಟದಲ್ಲಿ ಇರುವವರಿಗೆ ಪಾದರಸದ ಅಳತೆಯಲ್ಲಿ ಹತ್ತಿರ ಹತ್ತಿರ 100 ಮಿಲಿಮೀಟರ್. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ನಮಗೆ ಸ್ವಲ್ಪ ಕಡಿಮೆ. ಈ ಅಳತೆ ಸುಮಾರು 60ಕ್ಕೆ ಇಳಿಯುವತನಕ ಅದರ ನರಗಳ ಮಿಡಿತ ಹೆಚ್ಚೇನೂ ಏರುವುದಿಲ್ಲ. ಅಲ್ಲಿಂದ ಕೆಳಗೆ ಇಳಿದರೆ ಮಾತ್ರ ಒಮ್ಮೆಲೇ ಏರುತ್ತದೆ. 60 ಅಂದರೆ ಆಕ್ಸಿಮೀಟರಿನಲ್ಲಿ ಸುಮಾರು 90.

2021ರಲ್ಲಿ ಕೋವಿಡ್‌ನ ಎರಡನೇ ಅಲೆಯಲ್ಲಿ ಬೆಂಗಳೂರು ಇದನ್ನು ಕಣ್ಣಾರೆ ಕಂಡಿತು. ಆಕ್ಸಿಮೀಟರ್ 80 ತೋರಿಸುತ್ತಿದೆ, ರೋಗಿ ಫೋನಿನಲ್ಲಿ ಮಾತಾಡುತ್ತಿದ್ದಾರೆ. ‘ನಂಗೇನೂ ಆಗಿಲ್ಲ, ಸುಮ್ನೆ ಗಾಬರಿ ಮಾಡ್ಬೇಡಿ’ ಅನ್ನುತ್ತಿದ್ದಾರೆ. ಅವರ ಶ್ವಾಸಕೋಶ ಆಮ್ಲಜನಕವನ್ನು ಒಳಗೆ ಬಿಡುವುದರಲ್ಲಿ ಸೋತಿತ್ತು, ಆದರೆ ಇಂಗಾಲದ ಡೈಆಕ್ಸೈಡ್ ಸಲೀಸಾಗಿ ಹೊರಗೆ ಹೋಗುತ್ತಿತ್ತು. ಸಂಕಟ ಹುಟ್ಟಿಸುವ ಮುಖ್ಯ ರಾಸಾಯನಿಕವೇ ಏರಿರಲಿಲ್ಲ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಡಿಮೆ ಆಮ್ಲಜನಕಕ್ಕೆ ಸ್ಪಂದಿಸುವ ಶಕ್ತಿ ಸಹ ಕುಗ್ಗಿರಬಹುದು.

ವಿಮಾನದಲ್ಲಿ ನೇರ ಲೇಹ್‌ಗೆ ಹೋಗಿ ಇಳಿದವರಿಗೆ ಇನ್ನೊಂದು ಅನುಭವ. ಅಲ್ಲಿ ಎತ್ತರ ಸುಮಾರು 3,500 ಮೀಟರ್. ಕ್ಯಾರೊಟಿಡ್ ಬಾಡಿ ‘ಜೋರಾಗಿ ಉಸಿರಾಡು’ ಅನ್ನುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಆಗ ಮೆದುಳಿನ ಬುಡದ ಕೋಶಗಳು ‘ಸಾಕು, ನಿಲ್ಲಿಸು’ ಅನ್ನುತ್ತವೆ. ರಾತ್ರಿ ಮಲಗಿದಾಗ ಈ ಎಳೆದಾಟ ಕಾಣುತ್ತದೆ. ಕೆಲವು ಉಸಿರು ಬಿರುಸು, ಆಮೇಲೆ ಕೆಲವು ಸೆಕೆಂಡು ಉಸಿರೇ ಇಲ್ಲ, ಮತ್ತೆ ಬಿರುಸು. ಪಕ್ಕದಲ್ಲಿ ಮಲಗಿದವರಿಗೆ ಗಾಬರಿಯಾಗುತ್ತದೆ. ಕೆಲವು ದಿನಗಳಲ್ಲಿ ಕಿಡ್ನಿಗಳು ಹುಳಿಯನ್ನು ತಗ್ಗಿಸುವ ಬೈಕಾರ್ಬೊನೇಟನ್ನು ರಕ್ತದಿಂದ ಮೂತ್ರದಲ್ಲಿ ಹೊರಹಾಕಿ, ಕುತ್ತಿಗೆಯ ಮತ್ತು ಮೆದುಳಿನ ಬುಡದ ಕೋಶಗಳೆರಡನ್ನೂ ಸಮಾಧಾನ ಮಾಡುತ್ತವೆ. ಹೋದ ದಿನವೇ ಇನ್ನೂ ಎತ್ತರದ ಖಾರ್ದುಂಗ್ ಲಾ ಕಣಿವೆದಾರಿ ಹತ್ತಬೇಡಿ ಎಂದು ಹೇಳುವುದು ಇದಕ್ಕೇ.

ಈಗ ಗೀಸರ್ ಇರುವ ಬಾತ್‌ರೂಮಿಗೆ ಬರೋಣ

ಎಲ್‌ಪಿಜಿ ಚೆನ್ನಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ. ಚೆನ್ನಾಗಿ ಉರಿಯಲು ತುಂಬಾ ಗಾಳಿ ಬೇಕು. ಚಿಕ್ಕ ಬಾತ್‌ರೂಮು, ಚಳಿ ಎಂದು ಮುಚ್ಚಿದ ಕಿಟಕಿ, ಬಾಗಿಲಿಗೆ ಚಿಲಕ. ಗೀಸರ್ ಉರಿಯುತ್ತಾ ಹೋದಂತೆ ಒಳಗಿನ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಉರಿ ಅರೆಬರೆಯಾಗಿ, ಕಾರ್ಬನ್ ಮೊನಾಕ್ಸೈಡ್ ಹುಟ್ಟತೊಡಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹಳೆ ಮನೆಗಳ ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುತ್ತಿದ್ದಾಗಲೂ ಈ ಅನಿಲ ಹುಟ್ಟುತ್ತಿತ್ತು. ಆದರೆ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಸೌದೆಯ ಹೊಗೆ ಕಣ್ಣಲ್ಲಿ ನೀರು ಬರಿಸಿ ಜನರನ್ನು ಆಚೆ ಓಡಿಸುತ್ತಿತ್ತು. ಗ್ಯಾಸಿನ ಉರಿಯಲ್ಲಿ ಆ ಹೊಗೆ ಇಲ್ಲ.

ರಕ್ತದಲ್ಲಿ ಆಮ್ಲಜನಕ ಎರಡು ಬಗೆಯಲ್ಲಿ ಸಾಗುತ್ತದೆ. ಇದಕ್ಕೊಂದು ಹೋಲಿಕೆ ಬೇಕು. ಹಿಮೋಗ್ಲೋಬಿನ್ ಎಂಬುದು ಬಿಎಂಟಿಸಿ ಬಸ್ಸು, ಆಮ್ಲಜನಕ ಅದರ ಪ್ರಯಾಣಿಕ ಎಂದುಕೊಳ್ಳಿ. ನೂರರಲ್ಲಿ ತೊಂಬತ್ತೆಂಟರಷ್ಟು ಪ್ರಯಾಣಿಕರು ಬಸ್ಸಿನಲ್ಲಿ ಹೋಗುತ್ತಾರೆ. ಉಳಿದ ಒಬ್ಬಿಬ್ಬರು ರಸ್ತೆಯಲ್ಲಿ ನಡೆದು ಹೋಗುತ್ತಾರೆ, ಅಂದರೆ ರಕ್ತದಲ್ಲಿ ಸುಮ್ಮನೆ ಕರಗಿರುತ್ತಾರೆ. ಕ್ಯಾರೊಟಿಡ್ ಬಾಡಿ ಎಣಿಸುವುದು ನಡೆದು ಹೋಗುವವರನ್ನು ಮಾತ್ರ. ಬಸ್ಸಿನೊಳಗೆ ಅದು ಇಣುಕುವುದಿಲ್ಲ. ಅದಕ್ಕೆ ರಕ್ತ ಎಷ್ಟು ಧಾರಾಳವಾಗಿ ಹರಿಯುತ್ತದೆ ಎಂದರೆ, ತನ್ನ ಹೊಟ್ಟೆ ತುಂಬಿಸಿಕೊಳ್ಳಲು ಆ ನಡೆದು ಹೋಗುವವರೇ ಸಾಕಾಗುತ್ತಾರೆ. ಹೆಚ್ಚಿನ ದಿನಗಳಲ್ಲಿ ಈ ಲೆಕ್ಕ ಸರಿಯಾಗೇ ಇರುತ್ತದೆ. ರಸ್ತೆಯಲ್ಲಿ ಜನ ಇದ್ದಷ್ಟೂ ಬಸ್ಸು ತುಂಬುತ್ತದೆ.

ಕಾರ್ಬನ್ ಮೊನಾಕ್ಸೈಡ್ ಈ ಲೆಕ್ಕವನ್ನು ಕೆಡಿಸುತ್ತದೆ. ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ಅದು ಅತ್ಯಲ್ಪ ಇದ್ದರೂ ಒಂದೊಂದೇ ಸೀಟು ಹಿಡಿದು ಕೂರುತ್ತದೆ, ಏಳುವುದಿಲ್ಲ. ಬಸ್ಸಿನಲ್ಲಿ ಉಳಿದ ಆಮ್ಲಜನಕವೂ ಇಳಿಯಬೇಕಾದ ನಿಲ್ದಾಣದಲ್ಲಿ ಸರಿಯಾಗಿ ಇಳಿಯುವುದಿಲ್ಲ. ಮೆದುಳು, ಹೃದಯ ಹಸಿದು ಕೂರುತ್ತವೆ. ಆದರೆ ರಸ್ತೆಯಲ್ಲಿ ನಡೆದು ಹೋಗುವವರ ಸಂಖ್ಯೆ ಹೆಚ್ಚುಕಡಿಮೆ ಮೊದಲಿನಷ್ಟೇ! ಅದನ್ನು ತೀರ್ಮಾನಿಸುವುದು ಶ್ವಾಸಕೋಶಕ್ಕೆ ಬರುವ ಆಮ್ಲಜನಕವೇ ಹೊರತು ಹಿಮೋಗ್ಲೋಬಿನ್ ಅಲ್ಲ. ಕ್ಯಾರೊಟಿಡ್ ಬಾಡಿಯ ಲೆಕ್ಕದಲ್ಲಿ ಎಲ್ಲವೂ ಸರಿ ಇದೆ. ಉಸಿರಾಟ ನಡೆದೇ ಇರುವುದರಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಿದೆ, ಹಾಗಾಗಿ ಮೆದುಳಿನ ಬುಡದ ಕೋಶಗಳೂ ಸುಮ್ಮನಿವೆ. ಎರಡೂ ಕಡೆಯಿಂದ ಸುದ್ದಿ ಇಲ್ಲ.

ಮುಚ್ಚಿದ ಬಾತ್‌ರೂಮಿನಲ್ಲಿ ಉರಿಯಿಂದ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಸ್ವಲ್ಪ ತುಂಬಿಕೊಂಡು ಉಸಿರು ಕೊಂಚ ಬಿರುಸಾಗಬಹುದು. ಬಿಸಿನೀರಿನ ಹಬೆಗೆ ಹಾಗಾಯಿತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಬಿರುಸು ಉಸಿರಿನಿಂದ ವಿಷ ಇನ್ನಷ್ಟು ಬೇಗ ಒಳಗೆ ಹೋಗುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಕಾಲಿನಲ್ಲಿ ಬಲ ಇರುವುದಿಲ್ಲ, ಯೋಚನೆ ಮಂಕಾಗುತ್ತದೆ. ಏನೋ ಸರಿಯಿಲ್ಲ ಎಂದು ಹೊಳೆಯುವ ಹೊತ್ತಿಗೆ ಚಿಲಕದವರೆಗೆ ಕೈ ಎತ್ತುವ ಶಕ್ತಿ ಉಳಿದಿರುವುದಿಲ್ಲ.

ಹಾಲ್ಡೇನ್ ಹೆಸರು ಮತ್ತೆ ಬರುವುದು ಇಲ್ಲಿ. ಗಣಿಗಳಲ್ಲಿ ಸ್ಫೋಟವಾದ ಮೇಲೆ ಬೆಂಕಿ ಮುಟ್ಟದ ಕಾರ್ಮಿಕರೂ ಯಾಕೆ ಸಾಯುತ್ತಾರೆ ಎಂದು ಅವರು ಹುಡುಕಿದ್ದರು. ಕಾರಣ ಇದೇ ಅನಿಲ. 1890ರ ದಶಕದಲ್ಲಿ ತಾವೇ ಅದನ್ನು ಉಸಿರಾಡಿ, ತಮಗೆ ಏನೇನಾಗುತ್ತದೆ ಎಂದು ಬರೆದಿಟ್ಟರು. ಮನುಷ್ಯನ ದೇಹಕ್ಕೆ ಈ ವಿಷ ತಿಳಿಯುವುದಿಲ್ಲ ಎಂದು ಖಚಿತವಾದ ಮೇಲೆ, ಬೇಗ ಕುಸಿಯುವ ಸಣ್ಣ ಪ್ರಾಣಿಯನ್ನು ಗಣಿಗೆ ಒಯ್ಯಿರಿ ಎಂದು ಹೇಳಿದರು. ಕಲ್ಲಿದ್ದಲ ಗಣಿಗಳಲ್ಲಿ ಕೆನರಿ ಹಕ್ಕಿಯ ಪಂಜರ ಹಿಡಿದು ಹೋಗುವ ಪದ್ಧತಿ ಹೀಗೆ ಬಂತು.

ರಕ್ತಹೀನತೆ ಇರುವವರಲ್ಲಿ ಕಾಣುವ ಒಂದು ಸಂಗತಿಗೂ ಇದೇ ಕಾರಣ. ಹಿಮೋಗ್ಲೋಬಿನ್ 7-8ಕ್ಕೆ ಇಳಿದಿದ್ದರೂ ಎಷ್ಟೋ ಹೆಣ್ಣುಮಕ್ಕಳಿಗೆ ಸುಮ್ಮನೆ ಕೂತಾಗ ಏದುಸಿರು ಇರುವುದಿಲ್ಲ. ಬಸ್ಸುಗಳು ಕಡಿಮೆಯಾಗಿವೆ, ಆದರೆ ನಡೆಯುವವರು ಅಷ್ಟೇ ಇದ್ದಾರೆ. ‘ನಂಗೇನೂ ತೊಂದರೆ ಇಲ್ಲ’ ಎನ್ನುವುದನ್ನು ನಂಬಿ ಸುಮ್ಮನಾಗಬಾರದು, ರಕ್ತ ಪರೀಕ್ಷೆ ಮಾಡಿಸಬೇಕು.

ಮೂಗನ್ನು ನಂಬಬಹುದಾ?

ಸಿಲಿಂಡರ್ ಸೋರಿದರೆ ವಾಸನೆ ಬರುತ್ತಲ್ಲ, ಇದೂ ಹಾಗೇ ಗೊತ್ತಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಎಲ್‌ಪಿಜಿಗೂ ನಿಜಕ್ಕೂ ವಾಸನೆ ಇಲ್ಲ. ಜನರಿಗೆ ಗೊತ್ತಾಗಲಿ ಎಂದೇ ಅದಕ್ಕೆ ಮರ್ಕ್ಯಾಪ್ಟನ್ ಎಂಬ ಗಬ್ಬು ನಾರುವ ವಸ್ತುವನ್ನು ಚೂರು ಬೆರೆಸುತ್ತಾರೆ. ಗೀಸರಿನಲ್ಲಿ ಗ್ಯಾಸ್ ಉರಿದಾಗ ಆ ವಸ್ತುವೂ ಉರಿದುಹೋಗುತ್ತದೆ. ಉಳಿಯುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ. ಮನುಷ್ಯನ ಮೂಗಿನಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳಿವೆ, ಒಂದಕ್ಕೂ ಅದು ಸಿಕ್ಕುವುದಿಲ್ಲ.

ವಾಸನೆ ಇದ್ದರೂ ಮೂಗು ಕೈಕೊಡುವುದುಂಟು. ಮ್ಯಾನ್‌ಹೋಲ್‌ಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ತೊಟ್ಟಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ತುಂಬಿರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಅದು ವಾಸನೆ ಹಿಡಿಯುವ ಶಕ್ತಿಯನ್ನೇ ಮರಗಟ್ಟಿಸುತ್ತದೆ. ‘ವಾಸನೆ ಹೋಯಿತು, ಇಳಿಯಬಹುದು’ ಎಂದು ಇಳಿದವರು ಒಂದೆರಡು ಉಸಿರಿಗೆ ಕುಸಿಯುತ್ತಾರೆ. ಅವರನ್ನು ಎತ್ತಲು ಇಳಿದವರೂ ಅಲ್ಲೇ ಬೀಳುತ್ತಾರೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಂಥ ಗುಂಡಿಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಹಾಗಿದ್ದೂ ಕೆಲಸ ಬೇಗ ಮುಗಿಯಲಿ ಎಂದು ಇಳಿಸುವವರು ಇದ್ದಾರೆ. ಇಳಿಯುವವರ ಮೂಗೂ ಅವರನ್ನು ಕಾಯುವುದಿಲ್ಲ, ಅಲ್ಲಿಗೆ ಕಳಿಸುವವರು ಇದನ್ನು ತಿಳಿದಿರಬೇಕು.

ಮನೆಯಲ್ಲಿ ಏನು ಮಾಡಬೇಕು, ಆಸ್ಪತ್ರೆಯಲ್ಲಿ ಏನು ಹೇಳಬೇಕು

ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಬಾತ್‌ರೂಮಿನ ಹೊರಗೆ, ಗಾಳಿ ಆಡುವ ಜಾಗದಲ್ಲಿ ಇರಬೇಕು. ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಬೇಕು. ಬಾಡಿಗೆ ಮನೆಯಲ್ಲಿ ಇದು ಆಗದಿದ್ದರೆ, ಮೊದಲು ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಒಳಗಿನ ಗಾಳಿ ಪೂರ್ತಿ ಹೊರಗೆ ಹೋದ ಮೇಲೆ ಸ್ನಾನಕ್ಕೆ ಹೋಗಿ. ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವ ಮನೆಗಳಲ್ಲಿ ಕೊನೆಯವರಿಗೆ ಅಪಾಯ ಜಾಸ್ತಿ. ಉರಿ ಹಳದಿಯಾಗಿದ್ದರೆ ಗೀಸರ್ ಬಳಸಬೇಡಿ. ನೀಲಿ ಇದೆ ಎಂದು ನೆಚ್ಚಿಕೊಳ್ಳಲೂ ಬೇಡಿ. ಕಾರ್ಬನ್ ಮೊನಾಕ್ಸೈಡ್ ಪತ್ತೆ ಮಾಡುವ ಪುಟ್ಟ ಅಲಾರಂ ಸಿಗುತ್ತದೆ, ದೇಹಕ್ಕೆ ಆಗದ ಕೆಲಸವನ್ನು ಅದು ಮಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ಚಳಿ ಕಾಯಿಸಲು ಇಟ್ಟ ಇದ್ದಿಲ ಒಲೆ, ಶಟರ್ ಎಳೆದ ಅಂಗಡಿಯೊಳಗೆ ಓಡುವ ಜನರೇಟರ್ ಕೂಡ ಇಷ್ಟೇ ಅಪಾಯ.

ಯಾರಾದರೂ ಬಿದ್ದಿದ್ದರೆ ಬಾಗಿಲು ತೆರೆದು, ಗ್ಯಾಸ್ ಆರಿಸಿ, ಅವರನ್ನು ಬಯಲಿಗೆ ತನ್ನಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲ ಮಾತಿಗೇ ‘ಗ್ಯಾಸ್ ಗೀಸರ್ ಉರೀತಾ ಇತ್ತು’ ಎಂದು ಹೇಳಿ. ಇದು ಬಹಳ ಮುಖ್ಯ. ಯಾಕೆಂದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಇಲ್ಲಿ ಮೋಸ ಹೋಗುತ್ತದೆ. ಸೀಟಿನಲ್ಲಿ ಕೂತಿರುವುದು ಆಮ್ಲಜನಕವೋ ಕಾರ್ಬನ್ ಮೊನಾಕ್ಸೈಡೋ ಎಂದು ಅದಕ್ಕೆ ಗುರುತು ಸಿಗುವುದಿಲ್ಲ, 98 ಎಂದು ತೋರಿಸಬಹುದು. ತುಟಿಯೂ ನೀಲಿಗಟ್ಟಿರುವುದಿಲ್ಲ. ಸಂಶಯ ಬಂದರೆ ಮಾತ್ರ ವೈದ್ಯರು ಅದಕ್ಕಾಗಿಯೇ ಇರುವ ರಕ್ತ ಪರೀಕ್ಷೆ ಮಾಡಿಸುತ್ತಾರೆ.

ಚಿಕಿತ್ಸೆ ಎಂದರೆ ಶುದ್ಧ ಆಮ್ಲಜನಕ. ಮಾಮೂಲಿ ಗಾಳಿಯಲ್ಲಿ ಇದ್ದರೆ ರಕ್ತದ ಕಾರ್ಬನ್ ಮೊನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದರಿಂದ ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. ಗರ್ಭಿಣಿಯರಿಗೆ ಹೆಚ್ಚು ಹೊತ್ತು ಕೊಡುತ್ತಾರೆ, ಏಕೆಂದರೆ ಹೊಟ್ಟೆಯೊಳಗಿನ ಮಗುವಿನ ರಕ್ತದಿಂದ ಅದು ಬಿಟ್ಟು ಹೋಗುವುದು ಇನ್ನೂ ನಿಧಾನ. ಮನೆಗೆ ಬಂದ ಮೇಲೂ ಕೆಲವು ವಾರ ಗಮನ ಇರಲಿ. ಮರೆವು, ನಡಿಗೆಯಲ್ಲಿ ತೊಡರು, ಸ್ವಭಾವದಲ್ಲಿ ಬದಲಾವಣೆ, ಇವು ಪೂರ್ತಿ ಗುಣವಾದಂತೆ ಕಂಡವರಲ್ಲೂ ತಡವಾಗಿ ಕಾಣಿಸಿಕೊಳ್ಳಬಹುದು. ಕಂಡರೆ ಅದೇ ಆಸ್ಪತ್ರೆಯ ಕಾಗದಗಳನ್ನು ಹಿಡಿದುಕೊಂಡು ನರರೋಗ ತಜ್ಞರನ್ನು ಕಾಣಬೇಕು.